ಐಲಿಫ್ ನಂಬದ ವಾರಸುದಾರ

ಐಲಿಫ್ ಶೆರ್ವೊಲ್ ಯಾರನ್ನೂ ಸುಲಭಕ್ಕೆ ನಂಬುವ ಮನುಷ್ಯನಲ್ಲ. ಅಂಗಡಿಯಲ್ಲಿ ಮೂಸಿ ಕೊಂಡ ಮೀನನ್ನು ಮನೆಗೆ ತಂದು ಇನ್ನೊಮ್ಮೆ ಮೂಸುತ್ತಿದ್ದ. ಟ್ರೊಂಡ್‌ಹೈಮ್‌ನಲ್ಲಿ ಸಾಲ್ಮನ್ ಸಾಕುವವರಿಗೆ ಯಂತ್ರ ಮಾಡಿಕೊಡುವ ನಮ್ಮ ಕಾರ್ಖಾನೆಯಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಮೇಜು. ಆದರೆ ಅವನ ಜೀವವಿದ್ದದ್ದು ‘ಸ್ಟ್ರೇಕ್’ನಲ್ಲಿ. ನಮ್ಮೂರ ಭಾಷೆಯಲ್ಲಿ ಹಾಗೆಂದರೆ ಗೆರೆ. ಸಣ್ಣ ಯಂತ್ರಗಳ ಪರದೆಯ ಮೇಲೆ ಅಂಕಿ, ಚಿತ್ರ, ಗುಂಡಿಗಳನ್ನು ಬಿಡಿಸಿಕೊಡುವ ತಂತ್ರಾಂಶ ಅದು. ತೀರ ಹಗುರ, ಅಗ್ಗದ ಚಿಪ್‌ನಲ್ಲೂ ಓಡುತ್ತದೆ. ಅವನೇ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟಿದ್ದ. ಕಾಫಿ ಯಂತ್ರದಿಂದ ಆಸ್ಪತ್ರೆಯ ಡ್ರಿಪ್ ಪಂಪಿನವರೆಗೆ ಎಲ್ಲೆಲ್ಲೋ ಸೇರಿಕೊಂಡಿತ್ತು.

ಅವನ ಬಲಗಣ್ಣಿನ ನಡುವೆ ಮಬ್ಬು ಕವಿಯಿತು. ಇದು ವಾಸಿಯಾಗುವಂಥದ್ದಲ್ಲ, ಎಡಗಣ್ಣಿಗೂ ಬರಬಹುದು ಎಂದರು ಡಾಕ್ಟರು. ಮುಂದೆ ಸ್ಟ್ರೇಕನ್ನು ನೋಡಿಕೊಳ್ಳುವವರು ಯಾರು?

ಒಬ್ಬನಿದ್ದ. ಫಿನ್‌ಲೆಂಡಿನ ವಾಸಾ ಊರಿನ ಯಾನ್ನೆ ಸ್ಟೂರ್‌ಗೋರ್ಡ್. ವರ್ಷಗಳಿಂದ ತಪ್ಪು ತಿದ್ದಿ ಕಳಿಸುತ್ತಿದ್ದವನು. ಕೆಲಸ ಅಚ್ಚುಕಟ್ಟು, ಮಾತು ವಿನಯ. ಆದರೆ ಮುಖ ತೋರಿಸುತ್ತಿರಲಿಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ, ಬರೆದೇ ಉತ್ತರಿಸುತ್ತಿದ್ದ. ಅದೇ ಹೊತ್ತಿಗೆ ಸ್ಟ್ರೇಕಿನ ಚರ್ಚೆಯ ಪುಟದಲ್ಲಿ ಗುರುತಿಲ್ಲದ ಕೆಲವರು ಕಾಣಿಸಿಕೊಂಡರು. ‘ಐಲಿಫ್‌ಗೆ ವಯಸ್ಸಾಯಿತು, ಬೀಗದ ಕೈ ಯಾನ್ನೆಗೆ ಕೊಡಲಿ’ ಎಂದು ಒಂದೇ ಸಮನೆ ಕಾಡತೊಡಗಿದರು. ಬೀಗದ ಕೈ ಎಂದರೆ ಸ್ಟ್ರೇಕಿನೊಳಗೆ ಬದಲಾವಣೆ ಸೇರಿಸುವ ಅಧಿಕಾರ; ಅದು ಐಲಿಫ್ ಒಬ್ಬನ ಹತ್ತಿರವಿತ್ತು.

“ನೋಡಿದ್ಯಾ? ಎಲ್ಲಾ ಅವನ ಕಡೆಯವ್ರೇ” ಎಂದ ಐಲಿಫ್ ನನ್ನ ಹತ್ತಿರ. “ಬೆಳ್ಳಗಿರೋದೆಲ್ಲಾ ಹಾಲಲ್ಲ.”

ಅವನ ಹೆಂಡತಿ ಬೊರ್ಗಿಲ್ ರೇಗಿದಳು. “ಮೊಸರಲ್ಲಿ ಕಲ್ಲು ಹುಡುಕ್ಬೇಡ ಮಾರಾಯ. ಅಷ್ಟು ಅನುಮಾನ ಇದ್ರೆ ಊಟಕ್ಕೆ ಕರಿ. ಎದುರಿಗೆ ಕೂರಿಸ್ಕೊಂಡು ಕೇಳು.”

ಕರೆದ. ಬಹಳ ದಿನ ಉತ್ತರವಿಲ್ಲ. ಐಲಿಫ್‌ನ ಗುಮಾನಿ ಗಟ್ಟಿಯಾಯಿತು. ಆಮೇಲೆ ಒಂದೇ ಸಾಲು ಬಂತು: ‘ಬರುತ್ತೇನೆ.’

ಆ ಭಾನುವಾರ ನನ್ನನ್ನೂ ಕರೆಸಿಕೊಂಡಿದ್ದ, ಸಾಕ್ಷಿಗಿರಲಿ ಎಂದು. ಹಡಗು, ರೈಲು ಹಿಡಿದು ಬಂದ ಯಾನ್ನೆ ನಲವತ್ತರ ಆಸುಪಾಸಿನ ದೊಡ್ಡ ಆಳು. ಬೊರ್ಗಿಲ್ ಬಡಿಸಿದ ಮೀನಿನ ಸೂಪು ಆರುತ್ತಿತ್ತು, ಅವನು ಚಮಚ ಮುಟ್ಟಲಿಲ್ಲ.

“ಫೋನ್ ಯಾಕೆ ಎತ್ತಲ್ಲ ನೀನು?” ಐಲಿಫ್ ನೇರವಾಗಿ ಕೇಳಿದ.

“ನಂ... ನಂ... ನಂಗೆ...” ಅವನ ಮುಖ ಕೆಂಪೇರಿತು, ಕತ್ತಿನ ನರ ಉಬ್ಬಿತು. “ನಂಗೆ ಮಾ... ಮಾತು ಬರಲ್ಲ. ಹೀಗೆ.”

ಬೊರ್ಗಿಲ್ ಗಂಡನನ್ನು ಒಮ್ಮೆ ನೋಡಿ ಬ್ರೆಡ್ಡಿನ ತಟ್ಟೆಯನ್ನು ಅತಿಥಿಯ ಕಡೆ ಸರಿಸಿದಳು.

ಐಲಿಫ್ ಪಟ್ಟು ಬಿಡಲಿಲ್ಲ. ಆದರೆ ದನಿ ಇಳಿದಿತ್ತು. “ಹಾಗಾದ್ರೆ ಆ ಜನ? ನಿನ್ನ ಪರ ಕೂಗ್ತಾರಲ್ಲ, ಅವ್ರು?”

ಯಾನ್ನೆ ತಡೆದು ತಡೆದು ಹೇಳಿದ. ಅವರು ಅವನಿಗೂ ಗುಟ್ಟಾಗಿ ಬರೆಯುತ್ತಿದ್ದರಂತೆ: ಬೀಗದ ಕೈ ಸಿಕ್ಕ ಮೇಲೆ ನಾವೇ ಬರೆದ ತಂತ್ರಾಂಶದ ಗಂಟೊಂದನ್ನು ಕೊಡುತ್ತೇವೆ, ಬಿಚ್ಚಿ ನೋಡದೆ ಸ್ಟ್ರೇಕಿನೊಳಗೆ ಸೇರಿಸಿಬಿಡು ಎಂದು.

“ಯಾಕೆ ಮೊದ್ಲೇ ಹೇಳ್ಲಿಲ್ಲ?”

“ನಾ... ನಾನು ಅವ್ರನ್ನ ಕಳ್ಸಿದ್ದು ನೀ... ನೀವೇ ಅಂದ್ಕೊಂಡೆ. ನನ್ನ ಪ... ಪರೀಕ್ಷೆ ಮಾಡೋಕೆ.”

ಬೊರ್ಗಿಲ್ ಚಮಚ ಕೆಳಗಿಟ್ಟು ನಗತೊಡಗಿದಳು. “ಸರಿಹೋಯ್ತು! ಒಬ್ಬರಿಗಿಂತ ಒಬ್ಬರು!”

ಐಲಿಫ್ ನಗಲಿಲ್ಲ. ಆ ಗಂಟು ಡ್ರಿಪ್ ಪಂಪಿಗೂ ಹೋಗುತ್ತಿತ್ತಲ್ಲ ಎಂದು ಅವನಿಗೆ ಹೊಳೆದಿತ್ತು. ಊಟ ಮುಗಿಯುವ ಮೊದಲೇ ತೀರ್ಮಾನ ಹೇಳಿದ. ಇನ್ನು ಬೀಗದ ಕೈ ಎರಡು, ಒಂದು ತನ್ನದು, ಒಂದು ಯಾನ್ನೆಯದು. ಇಬ್ಬರೂ ಓದಿ ಒಪ್ಪದೆ ಒಂದು ಸಾಲೂ ಒಳಗೆ ಹೋಗಕೂಡದು.

“ನಾ ಬರೆದದ್ದನ್ನೂ ನಂಬಬೇಡ” ಎಂದ ಯಾನ್ನೆಗೆ.

“ನಂ... ನಂಬಿಲ್ಲ. ಎರಡು ತಪ್ಪು ಆ... ಆಗ್ಲೇ ಸಿಕ್ಕಿದಾವೆ.”

ಹೊಸ ಕಟ್ಟಳೆ ಪ್ರಕಟವಾದದ್ದೇ ತಡ, ಆ ಗುರುತಿಲ್ಲದವರೆಲ್ಲ ಮಾಯವಾದರು. ಯಾರ ಕಡೆಯವರು, ಗಂಟಿನಲ್ಲಿ ಏನಿತ್ತು, ಇವತ್ತಿಗೂ ಗೊತ್ತಿಲ್ಲ. ಐಲಿಫ್‌ನ ಎಡಗಣ್ಣೂ ಈಗ ಮಂಕು. ಒಂದು ಬೀಗದ ಕೈ ಯಾನ್ನೆಯ ಹತ್ತಿರವೇ ಉಳಿಯಿತು. ಐಲಿಫ್‌ನದು, ಯಾನ್ನೆಯೇ ಹುಡುಕಿದ ಬರ್ಗೆನ್ನಿನ ಹೆಂಗಸಿಗೆ ಹೋಯಿತು. ಅವಳು ಎರಡು ಸಲ ಬಂದು ಐಲಿಫ್‌ನ ಮನೆಯಲ್ಲಿ ಊಟ ಮಾಡಿ ಹೋಗಿದ್ದಾಳೆ.

“ಒಳ್ಳೆಯವಳೇ” ಎಂದ ಐಲಿಫ್ ನನ್ನ ಹತ್ತಿರ. “ಆದ್ರೂ ನೀನೊಂಚೂರು ವಿಚಾರಿಸು.”