ಆರು ಮಿಸ್ಡ್ ಕಾಲ್‌ಗಳ ಮಲಕಪ್ಪ

ಬೆಳಗಿನ ಐದೂವರೆ. ಬ್ರೂಕ್‌ಫೀಲ್ಡ್‌ನ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಮಲಕಪ್ಪ ಹಾಲಿನ ವ್ಯಾನನ್ನು ಒಳಗೆ ಬಿಡುತ್ತಾರೆ, ಒಂದು ಕಣ್ಣು ಮಾತ್ರ ಕೈಯಲ್ಲಿನ ಪುಟ್ಟ ಫೋನಿನ ಮೇಲೆ. ಅದು ಒಮ್ಮೆ ರಿಂಗಾಗಿ ಸುಮ್ಮನಾಗುತ್ತದೆ. "ಗಂಗಪ್ಪ," ಎನ್ನುತ್ತಾರೆ, ಎತ್ತುವುದಿಲ್ಲ. ಮಾರತ್ತಹಳ್ಳಿಯಿಂದ ಪಟ್ಟಂದೂರು ಅಗ್ರಹಾರದವರೆಗೆ ಗೇಟು ಕಾಯುವ ಆರು ಮಂದಿ ಮಾಜಿ ಸೈನಿಕರು ದಿನವೂ ಅವರಿಗೆ ಒಂದೊಂದು ಮಿಸ್ಡ್ ಕಾಲ್ ಕೊಡುತ್ತಾರೆ. ಚೆನ್ನಾಗಿದ್ದೇನೆ ಎಂದು ಅದರರ್ಥ.

ಐವತ್ತೊಂದರ ಮಲಕಪ್ಪ ಬಾಗಲಕೋಟೆ ಕಡೆಯವರು, ಆ ಆರು ಮಂದಿಯಂತೆ ಕಾರ್ಗಿಲ್‌ನಲ್ಲಿ ಹೋರಾಡಿದವರು. ಯುದ್ಧ ಮುಗಿದರೂ ಮನಸ್ಸಿನೊಳಗೆ ಮುಗಿಯದ ಕಾಯಿಲೆಗೆ ವೈದ್ಯರು ಉದ್ದನೆಯ ಹೆಸರು ಹೇಳಿದ್ದಾರೆ. "ನಾವು ತ್ರಾಸ ಅಂತೀವ್ರೀ. ಸುದ್ದಿ ಬಂದಾಗ ಏಳ್ತೈತಿ." 2016ರ ಈ ಸೆಪ್ಟೆಂಬರ್ ಕೊನೆಯಲ್ಲಿ ಸುದ್ದಿ ಬಂದೇಬಿಟ್ಟಿದೆ. ಗಡಿಯಲ್ಲಿ ಇನ್ನೇನು ಯುದ್ಧ ಎಂದು ಟಿವಿಯವರು ಸೂಟು ತೊಟ್ಟು ಗಂಟಲು ಹರಿದುಕೊಳ್ಳುತ್ತಿದ್ದಾರೆ.

ಇಂದು ಬಂದದ್ದು ಐದೇ ಕಾಲ್. ಈಶಪ್ಪ ಅವರದಿಲ್ಲ. ಹಿಂದೊಮ್ಮೆ ಇಂಥದೇ ಸುದ್ದಿಗೆ ಅವರು ಮೂರು ದಿನ ಯಾರ ಕೈಗೂ ಸಿಕ್ಕಿರಲಿಲ್ಲವಂತೆ. ಹನ್ನೆರಡು ತಾಸಿನ ರಾತ್ರಿ ಪಾಳಿ ಮುಗಿದದ್ದೇ ಮಲಕಪ್ಪ ಸೈಕಲ್ ಹತ್ತುತ್ತಾರೆ. ಹಿಂದೆ, ಅವರ ಬಗ್ಗೆ ಬರೆಯಲು ಬಂದಿರುವ ನನ್ನ ಸ್ಕೂಟರ್. ನನಗಂತೂ ನಿಜಕ್ಕೂ ಹೆದರಿಕೆಯಾಗುತ್ತದೆ.

ಈಶಪ್ಪ ಬಾಡಿಗೆಗಿರುವ ಪಟ್ಟಂದೂರಿನ ವಠಾರದಲ್ಲಿ ಮನೆಯೊಡತಿ ನಾಗಲಕ್ಷ್ಮಮ್ಮ ಬಾಗಿಲಲ್ಲೇ ಸಿಗುತ್ತಾರೆ. "ನೆನ್ನೆ ಟಿವಿ ನೋಡ್ದಾಗಿಂದ ಇಂಗೇ ಕಣ್ರೀ, ಬೂಟ್ ಉಜ್ತಾನೇ ಅವ್ರೆ. ಕಾಪಿ ಕೊಟ್ರೂ ಮುಟ್ಟಿಲ್ಲ."

ಈಶಪ್ಪ ಟ್ರಂಕಿನ ಮೇಲೆ ನೆಟ್ಟಗೆ ಕುಳಿತಿದ್ದಾರೆ. ಇಸ್ತ್ರಿ ಮಾಡಿದ ಹಳೆಯ ಸಮವಸ್ತ್ರದ ಗುಂಡಿ ಹೊಟ್ಟೆಯ ಬಳಿ ಕೂಡುತ್ತಿಲ್ಲ. ಎದುರಿಗೇ ಫೋನಿದೆ. ಮಿಸ್ಡ್ ಕಾಲ್ ಯಾಕೆ ಕೊಡಲಿಲ್ಲ ಎಂದರೆ, "ಪಲ್ಟನ್ನಿನವರು ಫೋನ್ ಮಾಡ್ತಾರ. ಲೈನ್ ಖಾಲಿ ಇರಬೇಕು" ಎನ್ನುತ್ತಾರೆ.

ಸೈನ್ಯ ಬಿಟ್ಟು ಹದಿನೈದು ವರ್ಷವಾದವರನ್ನು ಯಾರು ಕರೆಯುತ್ತಾರೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಲಕಪ್ಪ ಕಣ್ಣಲ್ಲೇ ಗದರುತ್ತಾರೆ. ನೆಲದ ಮೇಲೆ ಕುಳಿತು ಗೆಳೆಯನ ಬೂಟಿನ ಲೇಸು ಬಿಚ್ಚುತ್ತಾರೆ. "ಅವರು ಕರದ್ರ ನಾನೂ ಬರ್ತೀನಿ. ಅಲ್ಲೀತನಕ ನಮ್ಮ ಡ್ಯೂಟಿ ಇಲ್ಲೇ ಐತಿ. ಎರಡು ಇಡ್ಲಿ ತಿನ್ನೂಣು, ನಡಿ."

ಎರಡನೇ ಬೂಟು ಕಳಚುವಾಗ ಈಶಪ್ಪ ಬಿಕ್ಕಿ ಬಿಕ್ಕಿ ಅಳುತ್ತಾರೆ. ಆಮೇಲೆ ಹೋಟೆಲಿನಲ್ಲಿ ಎರಡಲ್ಲ, ಆರು ಇಡ್ಲಿ ತಿನ್ನುತ್ತಾರೆ.

ಇದನ್ನೆಲ್ಲ ಮಾಡಿ ಎಂದು ನಿಮಗೆ ಯಾರೂ ಹೇಳಿಲ್ಲವಲ್ಲ ಎಂದರೆ ಮಲಕಪ್ಪ ನಗುತ್ತಾರೆ.

"ನಾವು ಆ ಗುಡ್ಡಾ ಇಳದು ಹದಿನೇಳು ವರ್ಷ ಆತ್ರೀ. ಆದ್ರ ಸುದ್ದಿ ಬಂದಾಗೊಮ್ಮೆ ಒಬ್ರಲ್ಲ ಒಬ್ರು ಮತ್ತ ಏರಿಬಿಡ್ತಾರ. ನಾ ಹೋಗಿ ಕರಕೊಂಡು ಬರ್ತೀನಿ. ಇನ್ನೂ ತನಕ ಒಬ್ಬನ್ನೂ ಅಲ್ಲಿ ಬಿಟ್ಟಿಲ್ರೀ."