ಅಕ್ಕನ ಮೈಗೆ ಹಚ್ಚಿದ ಅತ್ತರು

ನನ್ನ ನಿಶ್ಚಿತಾರ್ಥಕ್ಕೆ ನಾಲ್ಕು ದಿನ ಇರುವಾಗ ಅಕ್ಕನಿಗೆಂದು ಒಂದು ಅತ್ತರಿನ ಶೀಶೆ ಕೊಂಡೆ. ಆಗ ನಾನು ಚನ್ನಪಟ್ಟಣದ ಒಂದು ಶಾಲೆಯಲ್ಲಿ ಟೀಚರ್. ಅಕ್ಕ ರಾಮನಗರದಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯ ರೇಷ್ಮೆ ಕಾರ್ಖಾನೆಯಲ್ಲಿ ನೂಲು ತೆಗೆಯುತ್ತಿದ್ದಳು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ, ಹದಿನಾರನೇ ವಯಸ್ಸಿಗೇ ಆ ಬಿಸಿನೀರಿನ ತೊಟ್ಟಿಯ ಮುಂದೆ ಕೂತವಳು. ನಾನು ಬಿ.ಎಡ್. ಮುಗಿಸಿದ್ದು ಅವಳು ಅಲ್ಲಿ ಕೂತಿದ್ದರಿಂದ.

ರೇಷ್ಮೆಗೂಡು ಬೇಯಿಸುವ ಕಡೆ ಕೆಲಸ ಮಾಡುವವರ ಮೈಗೆ ಬೆಂದ ಹುಳುವಿನ ವಾಸನೆ ಹತ್ತುತ್ತದೆ. ಅಕ್ಕ ಸೀಗೆಪುಡಿ, ಕಡಲೆಹಿಟ್ಟು, ನಿಂಬೆಹೋಳು ಎಲ್ಲ ಹಾಕಿ ಉಜ್ಜುತ್ತಿದ್ದಳು. ಕೂದಲು ಒಣಗುವಷ್ಟರಲ್ಲಿ ಅದು ಮತ್ತೆ ಬರುತ್ತಿತ್ತು. ಮನೆಯಲ್ಲಿ ನನಗದು ತಿಳಿಯುತ್ತಲೇ ಇರಲಿಲ್ಲ. ತಿಳಿದದ್ದು ಕಾಲೇಜಿಗೆ ಹೋಗುವಾಗ, ಬಸ್ಸಿನಲ್ಲಿ. ಅಕ್ಕ ಪಕ್ಕದಲ್ಲಿ ಕೂತಿದ್ದಳು. ಮುಂದಿನ ಸೀಟಿನಲ್ಲಿದ್ದ ನನ್ನ ಕ್ಲಾಸಿನ ಹುಡುಗಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. ಆಮೇಲೆ ನಾನು ಅಕ್ಕನ ಜೊತೆ ಬಸ್ಸು ಹತ್ತಲಿಲ್ಲ. ಏನಾದರೂ ನೆಪ ಹೇಳುತ್ತಿದ್ದೆ.

ಅತ್ತರಿನ ಅಂಗಡಿಯ ಮುದುಕ ಸಾಹೇಬರು ಶೀಶೆಯನ್ನು ನನ್ನ ಕೈಗೆ ಕೊಡಲೇ ಇಲ್ಲ. "ಶೀಶೆಗೆ ಮೂಗಿಟ್ರೆ ಏನ್ ಗೊತ್ತಾಯ್ತದಮ್ಮ? ಕೈ ಕೊಡು" ಎಂದು ಮಣಿಕಟ್ಟಿಗೆ ಗಾಜಿನ ಕಡ್ಡಿ ಎಳೆದರು. ಕಿತ್ತಳೆ ಸಿಪ್ಪೆ ಹಿಸುಕಿದಾಗ ಕಣ್ಣಿಗೆ ಸಿಡಿಯುತ್ತದಲ್ಲ, ಆ ಚುರುಕು. ಜೊತೆಗೆ ನಿಂಬೆ ಎಲೆಯ ಹಸಿ ಕಹಿ. ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಕಿತ್ತಳೆ ಹಾರಿಹೋಗಿ ಲವಂಗ, ಚಕ್ಕೆ ಮೇಲೆ ಬಂದವು. ರಾತ್ರಿ ಮಲಗುವಾಗ ಉಳಿದಿದ್ದು ಮಸಾಲೆ ಡಬ್ಬಿ ಮುಟ್ಟಿದ ಕೈಯ ಬೆಚ್ಚನೆ ವಾಸನೆಯಷ್ಟೆ. ಮಾರನೇ ದಿನ ಹೋಗಿ ಕೊಂಡೆ. ಅಕ್ಕನಿಗೆ ಎಂದಾಗ ಸಾಹೇಬರು, "ಅವ್ರನ್ನೇ ಕರ್ಕೊಂಡ್ ಬಾಮ್ಮ. ಒಂದೊಂದ್ ಮೈಗೆ ಒಂದೊಂದ್ ಥರ ಇದು" ಎಂದರು. ನನಗೆ ಅವಸರವಿತ್ತು.

"ನಂಗಾ? ನಂಗ್ಯಾಕೆ? ಮದ್ವೆ ಹೆಣ್ಣು ನೀನು ಕಣೆ!" ಎಂದಳು ಅಕ್ಕ. ಮುಚ್ಚಳ ತೆಗೆದು ಮೂಸಿ ನಕ್ಕಳು. ಯಾಕೆ ತಂದೆನೆಂದು ನಾನು ಹೇಳಲಿಲ್ಲ.

ನಿಶ್ಚಿತಾರ್ಥದ ದಿನ ಅವಳು ಎಂಟು ಗಂಟೆಗೇ ಕುತ್ತಿಗೆಗೆ, ಕೈಗಳಿಗೆ ಹಚ್ಚಿಕೊಂಡಳು. ಮಾಗಡಿಯಿಂದ ಗಂಡಿನವರು ಬಂದಾಗ ಹನ್ನೆರಡು ದಾಟಿತ್ತು. ತಗಡಿನ ಸೂರಿನ ಹಾಲ್, ಎರಡೇ ಫ್ಯಾನು, ಎಲ್ಲರೂ ಬೆವೆತಿದ್ದರು. ನಾನು ಜಮಖಾನದ ಮೇಲೆ, ಅಕ್ಕ ನನ್ನ ಹಿಂದೆ ತಾಂಬೂಲದ ತಟ್ಟೆ ಹಿಡಿದು ಕೂತಿದ್ದಳು. ಎಲ್ಲರಿಗಿಂತ ಮೊದಲು ವಾಸನೆ ಬಡಿದದ್ದು ನನಗೆ. ಕಿತ್ತಳೆಯ ಸುಳಿವೇ ಇರಲಿಲ್ಲ. ಬೆವರಿನಲ್ಲಿ ಲವಂಗ, ಚಕ್ಕೆ ಕಾದು ಘಾಟಾಗಿದ್ದವು, ಅವುಗಳ ಕೆಳಗಿನಿಂದ ಬೆಂದ ಹುಳು ಎದ್ದು ಬರುತ್ತಿತ್ತು. ಮಸಾಲೆ ಅದನ್ನು ಮುಚ್ಚಿರಲಿಲ್ಲ, ಹಳಸಿದ ಮಾಂಸಕ್ಕೆ ಹಾಕಿದಂತೆ ಇನ್ನಷ್ಟು ಎತ್ತಿ ತೋರಿಸುತ್ತಿತ್ತು.

ಹುಡುಗನ ಸೋದರತ್ತೆ ಮೂಗು ಮುರಿದು, "ಇಲ್ಲೆಲ್ಲೋ ಇಲಿ ಸತ್ತೈತೆ ಕಣ್ರೀ. ಒಸಿ ನೋಡ್ರಿ" ಎಂದರು. ಇಬ್ಬರು ಹೆಂಗಸರು ಎದ್ದು ಜಮಖಾನದ ಅಂಚು ಎತ್ತಿದರು. ಅಕ್ಕನೂ ತಟ್ಟೆ ಕೆಳಗಿಟ್ಟು ಬಗ್ಗಿ ಹುಡುಕತೊಡಗಿದಳು. ಅವಳು ಬಗ್ಗಿದ ಕಡೆಯಿಂದಲೇ ಅತ್ತೆ ಹಿಂದೆ ಸರಿದರು. ಅಕ್ಕ ಬಗ್ಗಿದ್ದಂತೆಯೇ ಹುಡುಕುವುದನ್ನು ನಿಲ್ಲಿಸಿದಳು. ನಾನಾದರೂ ಏನಾದರೂ ಹೇಳಬಹುದಿತ್ತು. ನಾನು ಹೇಳಿದ್ದು ಇಷ್ಟು: "ಅಕ್ಕ, ಅಡುಗೆಯವ್ರ ಹತ್ರ ಹೋಗಿ ನೋಡ್ಕೋ."

ಅವಳು ಹೋದಳು. ಊಟಕ್ಕೂ ಹೊರಗೆ ಬರಲಿಲ್ಲ.

ಸಂಜೆ ಮನೆಯಲ್ಲಿ ಪಾತ್ರೆ ಜೋಡಿಸುತ್ತ, "ನಾನೂ ಇಲಿ ಹುಡುಕ್ದೆ ನೋಡು" ಎಂದು ನಗಲು ನೋಡಿದಳು. ಆಮೇಲೆ ಕೇಳಿದಳು: "ಆ ಅತ್ತರ್ನ ಅದ್ಕೇ ತಂದಿದ್ದಾ?"

"ಇಲ್ಲ ಅಕ್ಕ."

"ಮೊದ್ಲೇ ಹೇಳ್ಬುಟ್ಟಿದ್ರೆ ನಾನು ಬತ್ತಾನೇ ಇರ್ಲಿಲ್ಲ. ನಿಂಗೂ ಈ ಫಜೀತಿ ಇರ್ತಿರ್ಲಿಲ್ಲ."

ಮದುವೆ ನಡೆಯಿತು. ಅದರ ಒಂದು ಫೋಟೋದಲ್ಲೂ ಅಕ್ಕ ಇಲ್ಲ. ನಾನು ಮಾಗಡಿಗೆ ಬಂದೆ. ನಮ್ಮ ಮನೆಗೆ ಬಾ ಎಂದರೆ ಅವಳು ಕೆಲಸದ ನೆಪ ಹೇಳುತ್ತಿದ್ದಳು. ನೆಪ ಹೇಳುವುದನ್ನು ಅವಳು ನನ್ನಿಂದಲೇ ಕಲಿತಿರಬೇಕು.

ಮೂರು ವರ್ಷಕ್ಕೆ ಅವಳಿಗೆ ದಮ್ಮು ಹಿಡಿಯಿತು. ಆ ಆವಿಯಲ್ಲಿ ಇನ್ನು ಕೂರಬೇಡಿ ಎಂದರು ಡಾಕ್ಟರು. ಆದರೂ ಕೆಲವು ತಿಂಗಳು ಕೂತಳು, ಆಮೇಲೆ ಆಗಲಿಲ್ಲ. ಕೆಲಸ ಬಿಟ್ಟು ವರ್ಷವಾದ ಮೇಲೆ ಒಂದು ಮಧ್ಯಾಹ್ನ ರಾಮನಗರದ ಮನೆಯಲ್ಲಿ ನಾನು, ಹಾಸಿಗೆ ಹಿಡಿದಿದ್ದ ಅವಳ ಬೆನ್ನನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಬೆನ್ನಿಗೆ ಮುಖ ತಂದು ಉಸಿರೆಳೆದುಕೊಂಡೆ. ಏನೂ ಇರಲಿಲ್ಲ. ಹುಳುವಿನ ವಾಸನೆ ಹೋಗಿತ್ತು. ಅದರ ಕೆಳಗೆ ಅವಳದೇ ಒಂದು ವಾಸನೆ ಇರುತ್ತದೆಂದು ನಾನು ಅಂದುಕೊಂಡಿದ್ದೆ. ಯಾರದೋ ಬೆನ್ನು ಒರೆಸಿದಂತಾಯಿತು.

"ಅವತ್ತು ನಾನು ಹಂಗೆ ಮಾಡ್ಬಾರ್ದಿತ್ತು ಅಕ್ಕ" ಎಂದೆ.

ಅವಳು ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು. "ಆ ಕಿಟಕಿ ಒಸಿ ತೆಗಿ" ಎಂದಳು.

ಕಿಟಕಿ ತೆರೆದೇ ಇತ್ತು. ಎದ್ದು ಹೋಗಿ ಅದರ ಕದವನ್ನು ಅಲ್ಲಾಡಿಸಿ, ತೆಗೆದಂತೆ ಮಾಡಿ ಬಂದೆ. "ಈಗ ವಾಸಿ" ಎಂದು ಕಣ್ಣು ಮುಚ್ಚಿದಳು. ಮತ್ತೆ ಆ ಮಾತು ಎತ್ತಲು ನನಗೆ ಧೈರ್ಯ ಬರಲಿಲ್ಲ. ಅದೇ ವರ್ಷದ ಚಳಿಗಾಲದಲ್ಲಿ ಅವಳು ತೀರಿಕೊಂಡಳು.