‘ಏರು’ ಅನ್ನೋರು ಯಾರು?

ಸ್ನೇಹಿತರೇ, ಇವತ್ತು ನನ್ನ ಒಂದು ಮಾತಿಗೆ ಬೆಂಗಳೂರಿನ ಗೌತಮಪುರದ ಟೀ ಅಂಗಡಿ ಪೂರ್ತಿ ನನ್ನ ಮೇಲೆ ಮುನಿಸಿಕೊಂಡಿತು.

ನಾಳೆ ಆಸ್ಟಿನ್ ಟೌನ್ ಹುಡುಗರ ವಿರುದ್ಧ ನಮ್ಮ ಏರಿಯಾದ ಫುಟ್ಬಾಲ್ ಪಂದ್ಯ. ಡಿಫೆನ್ಸಿಗೆ ಮೂವರು ಸಾಕೋ ನಾಲ್ವರು ಬೇಕೋ ಎಂದು ಬೆಳಗಿನಿಂದ ಜಗಳ. ಕೋಚ್ ಟೀ ಹೀರುತ್ತಾ ಕೇಳುತ್ತಿದ್ದರು. ಮೀಸೆ ಬರುವ ಮೊದಲಿನಿಂದ ನಮ್ಮ ಗೋಲು ಕಾಯುತ್ತಾ ಬಂದ ಡಿಫೆಂಡರ್ ಸೆಲ್ವ ನನ್ನ ಕಡೆ ತಿರುಗಿದ.

"ನೀನು ಸುಳ್ಳು ಹೇಳಲ್ಲ ಮಗಾ. ನಾನು ಆಡ್ಲಾ?"

"ಬೇಡ ಗುರು. ನಿನ್ನ ಮಂಡಿ ಹೋಗಿದೆ. ಅವರ ಫಾರ್ವರ್ಡ್ ನಿನ್ನ ದಾಟ್ಕೊಂಡು ಹೋಗ್ಬಿಡ್ತಾನೆ."

ಕೋಚ್ ಕೂಡ ಹೌದೆಂದು ತಲೆಯಾಡಿಸಿದರು.

ಸೆಲ್ವ ಲೋಟ ಕೆಳಗಿಟ್ಟ. "ಸರಿ. ‘ಏರು’ ಅಂತ ಯಾರು ಕೂಗ್ತೀರಾ?"

ಅವನು ಹಾಗೆ ಕೂಗಿದರೆ ಡಿಫೆನ್ಸಿನವರೆಲ್ಲ ಒಟ್ಟಿಗೆ ಮುಂದೆ ಓಡುತ್ತಾರೆ, ಎದುರಾಳಿ ಅವರ ಹಿಂದೆ ಉಳಿದು ಆಫ್‌ಸೈಡ್ ಆಗುತ್ತಾನೆ. ಕನ್ನಡಕ್ಕೂ ತಮಿಳಿಗೂ ಒಂದೇ ಪದ, ಯಾರೂ ತಡವರಿಸುವುದಿಲ್ಲ. ಯಾವ ಗಳಿಗೆಯಲ್ಲಿ ಕೂಗಬೇಕೆಂದು ಗೊತ್ತಿರುವುದು ಅವನೊಬ್ಬನಿಗೇ.

"ಲೈನಾಚೆ ನಿಂತು ನಾನೇ ಕೂಗ್ತೀನಿ ಸರ್," ಎಂದ.

"ರೆಫ್ರಿ ಕಾರ್ಡ್ ತೋರಿಸ್ತಾನೆ ಕಣೋ," ಎಂದರು ಕೋಚ್.

"ತೋರಿಸ್ಲಿ. ಆಡ್ದೇ ಇರೋನಿಗೆ ಕಾರ್ಡ್ ಏನ್ ಮಾಡುತ್ತೆ?"

ಆಮೇಲೆ ಅಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ನನಗೆ ಟೀ ಕೊಡಿಸಿದ್ದು ಸೆಲ್ವನೊಬ್ಬನೇ. "ಇವನ ಮಾತಿನ ಹಾಗೇ ಇರ್ಲಿ, ಸಕ್ಕರೆ ಹಾಕ್ಬೇಡ" ಎಂದು ಅಂಗಡಿಯವನಿಗೆ ಹೇಳಿದ್ದೂ ಅವನೇ.